ಪ್ಯಾಂಕ್ರಿಯಾಸ್ ಮೆತ್ತಗಿದೆಯಂತೆ, ಅಪ್ಪನಿಗೆ ವಿಪಲ್ ಆಪರೇಷನ್: ಲೀಕ್ ಆಗದಂತೆ ನಾವೇನು ಮಾಡಬಹುದು?

ದೊಡ್ಡಮಗಳು
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಅಪ್ಪನಿಗೆ 63 ವರ್ಷ. ಕಣ್ಣು ಹಳದಿಯಾಗಿದೆ ಅಂತ ತೋರಿಸಲು ಹೋದೆವು. ಪಿತ್ತನಾಳದ ಕೆಳತುದಿಯಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಕಾಮಾಲೆ ಜೊತೆ ಚಳಿಜ್ವರವೂ ಬಂದಿದ್ದರಿಂದ ಮೊದಲು ಪಿತ್ತ ಹರಿಯಲು ಆ ನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು. ಇನ್ನು ನಾಲ್ಕು ವಾರಕ್ಕೆ ವಿಪಲ್ ಆಪರೇಷನ್, ಅಂದರೆ ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ತಲೆಭಾಗ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸುವುದು.

ಸರ್ಜನ್ ಸಮಾಧಾನದಿಂದಲೇ ಎಲ್ಲ ವಿವರಿಸಿದರು. ಕೊನೆಗೆ ಒಂದು ಮಾತು ಹೇಳಿದರು: "ಪ್ಯಾಂಕ್ರಿಯಾಸ್ ಮೆತ್ತಗಿದೆ, ಒಳಗಿನ ನಾಳ ಸಣ್ಣದು. ಲೀಕ್ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ." ಅಲ್ಲಿ ತಲೆಯಾಡಿಸಿ ಬಂದೆ. ಮನೆಗೆ ಬಂದ ಮೇಲೆ ಅದೇ ಮಾತು ಕೊರೆಯುತ್ತಿದೆ. ಮೆತ್ತಗಿದ್ದರೆ ಒಳ್ಳೆಯದಲ್ವಾ? ಗಟ್ಟಿಯಾದರೆ ತಾನೇ ಕಾಯಿಲೆ? ಲೀಕ್ ಆಗದಂತೆ ತಡೆಯಲು ನಮ್ಮ ಕೈಯಲ್ಲಿ ಏನಾದರೂ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹೊಲಿಗೆಕೈ
ಈ ಆಪರೇಷನ್ ಮಾಡುವವನು ನಾನು. ನಿಮ್ಮ ತಂದೆಯವರನ್ನು ನೋಡಿಲ್ಲ, ಆದ್ದರಿಂದ ಎಲ್ಲರಿಗೂ ಅನ್ವಯಿಸುವ ಮಾತು ಮಾತ್ರ ಹೇಳುತ್ತೇನೆ.

ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್ ಮೆತ್ತಗೇ ಇರುತ್ತದೆ. ಅದೇ ನಮಗೆ ಕಷ್ಟ. ಒದ್ದೆ ಕಾಗದಕ್ಕೆ ಹೊಲಿಗೆ ಹಾಕಿದ ಹಾಗೆ. ದಾರ ಬಿಗಿ ಮಾಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಪ್ಯಾಂಕ್ರಿಯಾಸಿನಲ್ಲೇ ಕ್ಯಾನ್ಸರ್ ಆದವರಿಗೆ, ವರ್ಷಗಟ್ಟಲೆ ಅದರಲ್ಲಿ ಉರಿಯೂತ ಇದ್ದವರಿಗೆ ಗ್ರಂಥಿ ಗಟ್ಟಿಯಾಗಿರುತ್ತದೆ, ನಾಳವೂ ಹಿಗ್ಗಿರುತ್ತದೆ. ಅಲ್ಲಿ ಹೊಲಿಗೆ ನಿಲ್ಲುತ್ತದೆ. ನಿಮ್ಮ ತಂದೆಯವರಿಗೆ ಗಡ್ಡೆ ಇರುವುದು ಪಿತ್ತನಾಳದಲ್ಲಿ. ಪ್ಯಾಂಕ್ರಿಯಾಸ್ ಪಾಪ ಚೆನ್ನಾಗಿದೆ, ಆ ಚೆನ್ನಾಗಿರುವುದೇ ತೊಂದರೆ.

ವಿಪಲ್‌ನಲ್ಲಿ ಪ್ಯಾಂಕ್ರಿಯಾಸಿನ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು ತೆಗೆಯುತ್ತೇವೆ. ಕೆಲವರಿಗೆ ಜಠರದ ತುದಿಯೂ ಹೋಗುತ್ತದೆ. ಆಮೇಲೆ ಮೂರು ಕಡೆ ಜೋಡಿಸಬೇಕು. ಕರುಳಿಗೆ ಪ್ಯಾಂಕ್ರಿಯಾಸ್, ಕರುಳಿಗೆ ಪಿತ್ತನಾಳ, ಕರುಳಿಗೆ ಜಠರ. ಮೂರರಲ್ಲಿ ತಂಟೆಕೋರ ಮೊದಲನೆಯದು. ಪ್ಯಾಂಕ್ರಿಯಾಸ್ ದಿನಕ್ಕೆ ಒಂದು ಲೀಟರಿಗೂ ಜಾಸ್ತಿ ರಸ ಮಾಡುತ್ತದೆ. ಆ ರಸ ಇರುವುದೇ ಮಾಂಸ, ಕೊಬ್ಬು ಕರಗಿಸಲು. ಕರುಳಿನ ಒಳಗಿದ್ದರೆ ಊಟ ಜೀರ್ಣ ಮಾಡುತ್ತದೆ. ಹೊರಗೆ ಸೋರಿದರೆ ನಮ್ಮದೇ ಅಂಗಾಂಶ ತಿನ್ನುತ್ತದೆ, ಅಕ್ಕಪಕ್ಕದ ರಕ್ತನಾಳದ ಗೋಡೆಯನ್ನೂ ಬಿಡುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಲೀಕ್ ಪೂರ್ತಿ ತಡೆಯುವ ಉಪಾಯ ಯಾರ ಹತ್ತಿರವೂ ಇಲ್ಲ. ಎಷ್ಟೋ ತರಹದ ಹೊಲಿಗೆ ಇವೆ, ಇದೇ ಎಲ್ಲಕ್ಕಿಂತ ಮೇಲು ಅಂತ ಯಾವುದೂ ಗೆದ್ದಿಲ್ಲ. ಆದರೆ ಒಂದು ವಿಷಯ ಗಮನಿಸಿ. 1970ರ ದಶಕದಲ್ಲಿ ಈ ಆಪರೇಷನ್ ಆದ ನಾಲ್ವರಲ್ಲಿ ಒಬ್ಬರು ತೀರಿಕೊಳ್ಳುತ್ತಿದ್ದ ಆಸ್ಪತ್ರೆಗಳಿದ್ದವು. ಇವತ್ತು ಅನುಭವಿ ಕೇಂದ್ರಗಳಲ್ಲಿ ಅದು ಶೇ 5ಕ್ಕಿಂತ ಕಡಿಮೆ. ಹಾಗಂತ ತೊಂದರೆಗಳು ಅಷ್ಟು ಇಳಿದಿವೆಯಾ? ಇಲ್ಲ. ಇವತ್ತಿಗೂ ಹತ್ತರಲ್ಲಿ ನಾಲ್ಕು ಜನಕ್ಕೆ ಏನಾದರೊಂದು ಆಗುತ್ತದೆ. ಇಳಿದಿದ್ದು ಸಾವು. ಯಾಕೆಂದರೆ ಈಗ ಬೇಗ ಗುರುತಿಸುತ್ತೇವೆ.

ಓದುಗ2
ಸ್ಟೆಂಟ್ ಯಾಕೆ ಹಾಕಿಸಿಕೊಂಡಿರಿ? ಆಪರೇಷನ್‌ಗೆ ಮೊದಲು ಸ್ಟೆಂಟ್ ಹಾಕಿದರೆ ತೊಂದರೆ ಜಾಸ್ತಿ ಅಂತ 2010ರಲ್ಲೇ ನೆದರ್ಲೆಂಡ್ಸ್‌ನ ಅಧ್ಯಯನ ತೋರಿಸಿದೆ. ಸ್ಟೆಂಟ್ ಹಾಕಿದವರಲ್ಲಿ ಶೇ 74 ಜನಕ್ಕೆ ಗಂಭೀರ ತೊಂದರೆ, ನೇರವಾಗಿ ಆಪರೇಷನ್ ಆದವರಲ್ಲಿ ಶೇ 39. ಡಾಕ್ಟರ್ ಇದನ್ನು ಹೇಳಲೇ ಇಲ್ವಾ?

ಹೊಲಿಗೆಕೈ
ಓದುಗ2, ಅಂಕಿ ಸರಿ. ಆದರೆ ಅದನ್ನು ಈಗ ಅವರ ತಲೆಯ ಮೇಲೆ ಹಾಕುವುದು ಸರಿಯಲ್ಲ. ಚಳಿಜ್ವರ ಬಂದಿದೆ ಅಂದರೆ ಪಿತ್ತನಾಳದಲ್ಲಿ ಸೋಂಕು. ಅಂಥವರಿಗೆ ಸ್ಟೆಂಟ್ ಬೇಕೇ ಬೇಕು. ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ವಿಪರೀತ ಏರಿದ್ದರೆ, ಮೊದಲು ಕೀಮೋ ಕೊಡುವುದಿದ್ದರೆ ಕೂಡ ಬೇಕು. ಆ ಅಧ್ಯಯನ ಹೇಳುವುದು ಬರೀ ಕಾಮಾಲೆ ಇದೆ ಅಂತ ಎಲ್ಲರಿಗೂ ಸುಮ್ನೆ ಸ್ಟೆಂಟ್ ಹಾಕಬೇಡಿ ಅಂತ.

ಅದರಿಂದ ನಿಮಗೆ ಉಪಯೋಗವಾಗುವ ವಿಷಯ ಒಂದಿದೆ, ದೊಡ್ಡಮಗಳು ಅವರೇ. ಸ್ಟೆಂಟ್ ಇದ್ದರೆ ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ಆಪರೇಷನ್ ಆದಮೇಲೆ ಗಾಯಕ್ಕೆ ಸೋಂಕು ತಗಲುವುದು ಜಾಸ್ತಿ. ಆದ್ದರಿಂದ ಆಪರೇಷನ್ ಶುರುವಾಗುವ ಮುಂಚೆ ಕೊಡುವ ಆ್ಯಂಟಿಬಯೋಟಿಕ್ ಯಾವುದು ಅನ್ನುವುದು ಮುಖ್ಯ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ಮಾಡಿದ ಒಂದು ಅಧ್ಯಯನ 2023ರಲ್ಲಿ ಬಂತು. ಸಾಮಾನ್ಯವಾಗಿ ಕೊಡುತ್ತಿದ್ದ ಸೆಫಾಕ್ಸಿಟಿನ್ ಬದಲು ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಕೊಟ್ಟವರಲ್ಲಿ ಸೋಂಕು ಸುಮಾರು ಶೇ 33ರಿಂದ ಶೇ 20ಕ್ಕೆ ಇಳಿಯಿತು. "ಸ್ಟೆಂಟ್ ಇದೆಯಲ್ಲ, ಯಾವ ಆ್ಯಂಟಿಬಯೋಟಿಕ್ ಕೊಡುತ್ತೀರಿ?" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅರ್ಧಪ್ಯಾಂಕ್ರಿಯಾಸ್
ನನಗೆ ವಿಪಲ್ ಆಗಿ ನಾಲ್ಕು ವರ್ಷ ಆಯಿತು. ಹೆಸರು ನೋಡಿದರೆ ಗೊತ್ತಾಗುತ್ತದೆ ಅಲ್ವಾ.

ಅಕ್ಕಾ, ನಿಮ್ಮ ಅಪ್ಪ ಸಿಗರೇಟು ಸೇದುತ್ತಾರಾ? ಸೇದುತ್ತಿದ್ದರೆ ಇವತ್ತೇ ನಿಲ್ಲಿಸಿ. ನಾಳೆ ಅಲ್ಲ. ನಾಲ್ಕು ವಾರ ಇದೆಯಲ್ಲ, ಶ್ವಾಸಕೋಶ ಸುಧಾರಿಸಿಕೊಳ್ಳಲು ಬೇಕಾಗುವುದು ಅಷ್ಟೇ. ಕುಡಿತವೂ ಹಾಗೆಯೇ. ನನಗೆ ಆಪರೇಷನ್‌ಗೆ ಮೊದಲು ದಿನಾ ನಡೆಯಲು ಹೇಳಿದ್ದರು, ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟು ಊದಲು ಅಲ್ಲ, ಎಳೆಯಲು ಹೇಳಿದ್ದರು. ನಾನು ಮೊದಲ ಎರಡು ದಿನ ಜೋರಾಗಿ ಊದುತ್ತಿದ್ದೆ. ಚೆಂಡು ಮೇಲೇಳಲೇ ಇಲ್ಲ, ಸಾಧನ ಕೆಟ್ಟಿದೆ ಅಂತ ಜಗಳ ಮಾಡಿದ್ದೆ.

ಇನ್ನೊಂದು, ತೂಕ. ಗಡ್ಡೆ ಬಂದವರು ಸುಮ್ಮನೆ ಸೊರಗುತ್ತಾರೆ. ತೂಕ ಬಹಳ ಇಳಿದಿದ್ದರೆ ಆಪರೇಷನ್ ಮುಂದೆ ಹಾಕಿಯಾದರೂ ಮೈ ತುಂಬಿಸುತ್ತಾರೆ. ಆಹಾರ ತಜ್ಞರನ್ನು ಈಗಲೇ ಭೇಟಿ ಮಾಡಿಸಿ. ಪ್ರೋಟೀನ್ ಜಾಸ್ತಿ ಇರುವ ಊಟ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ.

ದೊಡ್ಡಮಗಳು
ಸೇದುತ್ತಾರೆ. ಬಿಟ್ಟಿದ್ದೇನೆ ಅಂತ ಹೇಳುತ್ತಾರೆ. ಅಂಗಿ ವಾಸನೆ ಬೇರೆ ಹೇಳುತ್ತದೆ.

ಅರ್ಧಪ್ಯಾಂಕ್ರಿಯಾಸ್
ಅಂಗಿಯನ್ನು ನಂಬಿ.

ಹಸಿರುಪುಡಿ
ಇಷ್ಟೆಲ್ಲ ಇಂಗ್ಲಿಷ್ ಔಷಧಿ ಯಾಕೆ, ಆಪರೇಷನ್‌ಗೆ ಹದಿನೈದು ದಿನ ಮೊದಲಿಂದ ಗಿಡಮೂಲಿಕೆ ಪುಡಿ ಕೊಡಿ, ರಕ್ತ ಶುದ್ಧವಾಗುತ್ತದೆ, ಗಾಯ ಬೇಗ ಒಣಗುತ್ತದೆ. ಬೇಕಾದವರು ಖಾಸಗಿಯಾಗಿ ಸಂದೇಶ ಕಳಿಸಿ.

ನೈಟ್‌ಡ್ಯೂಟಿ
ಖಾಸಗಿ ಸಂದೇಶ ಯಾರೂ ಕಳಿಸಬೇಡಿ. ಕೆಲವು ಮೂಲಿಕೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ಕೆಲವು ಲಿವರ್‌ಗೆ ಭಾರ. ಕಾಮಾಲೆ ಬಂದು ಹೋದ ಲಿವರ್ ಅದು. ಈಗಾಗಲೇ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅವರು ಬೈಯುವುದಿಲ್ಲ. ಬೈದರೂ ಪರವಾಗಿಲ್ಲ.

ನಾನು ಇಂಥ ರೋಗಿಗಳ ವಾರ್ಡಿನಲ್ಲಿ ನರ್ಸ್, ಹನ್ನೊಂದು ವರ್ಷ ಆಯಿತು. ದೊಡ್ಡಮಗಳು ಅವರೇ, "ಲೀಕ್ ತಡೆಯುವುದು ಹೇಗೆ" ಅಂತ ನೀವು ಕೇಳಿದಿರಿ. ಮನೆಯವರ ಕೈಯಲ್ಲಿ ನಿಜವಾಗಿ ಇರುವ ಕೆಲಸ ಇನ್ನೊಂದು. ಮೊದಲು ಗಮನಿಸುವವರು ಮನೆಯವರೇ. ನಾವು ಎಂಟು ಗಂಟೆಗೊಮ್ಮೆ ಬದಲಾಗುತ್ತೇವೆ. ನೀವು ಬದಲಾಗುವುದಿಲ್ಲ. ನಿನ್ನೆ ಹೇಗಿದ್ದರು, ಇವತ್ತು ಹೇಗಿದ್ದಾರೆ ಅನ್ನುವುದು ನಮ್ಮ ಚಾರ್ಟಿಗಿಂತ ನಿಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಿಗ್ಗೆ, ರಾತ್ರಿ ನಾಡಿ ಎಷ್ಟು ಅಂತ ಬರೆದುಕೊಳ್ಳಿ. ಎಲ್ಲರೂ ಜ್ವರಕ್ಕೆ ಕಾಯುತ್ತಾರೆ. ಜ್ವರ ಎಷ್ಟೋ ಸಲ ತಡವಾಗಿ ಬರುತ್ತದೆ, ವಯಸ್ಸಾದವರಿಗೆ ಬರದೆಯೂ ಇರಬಹುದು. ನಾಡಿ ಮೊದಲು ಏರುತ್ತದೆ. ಮೂರನೇ ದಿನ ಓಡಾಡುತ್ತಿದ್ದವರು ಐದನೇ ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ ಅಂದರೆ, ಮಾತು ಕಡಿಮೆಯಾದರೆ, ಊಟ ಬೇಡ ಅಂದರೆ, ಉಸಿರು ಜೋರಾದರೆ ಹೇಳಿ. "ಯಾಕೋ ಸರಿ ಇಲ್ಲ" ಅಂದರೆ ಸಾಕು, ಕಾರಣ ಹುಡುಕುವುದು ನಮ್ಮ ಕೆಲಸ.

ಹೊಟ್ಟೆಯಿಂದ ಹೊರಗೆ ಬರುವ ಡ್ರೈನ್ ಟ್ಯೂಬಿನ ಬಣ್ಣ ನೋಡುತ್ತಿರಿ. ಮೊದಲ ದಿನ ತಿಳಿ ಕೆಂಪು, ಆಮೇಲೆ ತಿಳಿ ಹಳದಿ, ಇದು ಸರಿ. ಹಸಿರು ಅಥವಾ ಕಡು ಹಳದಿ ಬಂದರೆ ಪಿತ್ತ. ಹಾಲಿನ ತರಹ ಬೆಳ್ಳಗಿದ್ದರೆ ಕೊಬ್ಬು ಸಾಗಿಸುವ ನಾಳ ಸೋರುತ್ತಿರಬಹುದು, ಸಾಮಾನ್ಯವಾಗಿ ಊಟ ಶುರುವಾದ ಮೇಲೆ ಕಾಣುತ್ತದೆ, ಹೆಚ್ಚಾಗಿ ಊಟದಲ್ಲಿ ಕೊಬ್ಬು ಕಡಿಮೆ ಮಾಡಿದರೆ ನಿಲ್ಲುತ್ತದೆ. ಬೂದಿ, ಕಂದು, ಕೆಸರಿನ ಬಣ್ಣ ಬಂದರೆ ನನಗೆ ಇಷ್ಟವಾಗುವುದಿಲ್ಲ. ರಕ್ತ ಬಂದರೆ ಎಷ್ಟೇ ಸ್ವಲ್ಪ ಇರಲಿ, ಬೆಲ್ ಒತ್ತಿ. ಇದ್ದಕ್ಕಿದ್ದಂತೆ ಬರುವುದು ಪೂರ್ತಿ ನಿಂತರೂ ಹೇಳಿ, ಟ್ಯೂಬ್ ಕಟ್ಟಿಕೊಂಡಿರಬಹುದು.

ಓದುಗ2
ಡ್ರೈನ್ ಹಾಗಾದರೆ ಆದಷ್ಟು ದಿನ ಇಡುವುದೇ ಒಳ್ಳೆಯದಲ್ವಾ? ತೆಗೆದರೆ ಲೀಕ್ ಗೊತ್ತಾಗುವುದು ಹೇಗೆ?

ಹೊಲಿಗೆಕೈ
ಅಲ್ಲ. ಟ್ಯೂಬ್ ಹೊರಗಿನ ಕ್ರಿಮಿಗಳಿಗೆ ಒಳದಾರಿಯೂ ಹೌದು. ಬೇಡದವರಿಗೆ ಜಾಸ್ತಿ ದಿನ ಇಟ್ಟರೆ ಅದರಿಂದಲೇ ಸೋಂಕು.

ಡ್ರೈನ್ ನೀರಿನಲ್ಲಿ ಅಮೈಲೇಸ್ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತೇವೆ. ಅದು ಪ್ಯಾಂಕ್ರಿಯಾಸ್ ರಸದಲ್ಲಿರುವ ಒಂದು ಕಿಣ್ವ. ಅಪಾಯ ಕಡಿಮೆ ಇರುವವರಲ್ಲಿ ಮೊದಲ ದಿನ 5000 ಯೂನಿಟ್‌ಗಿಂತ ಕಡಿಮೆ ಇದ್ದರೆ ಮೂರನೇ ದಿನ ತೆಗೆದುಬಿಡಬಹುದು ಅಂತ ಇಟಲಿಯ ಸರ್ಜನ್‌ಗಳು 2010ರಲ್ಲಿ ತೋರಿಸಿದರು. ತಡವಾಗಿ ತೆಗೆದವರಿಗಿಂತ ಇವರಲ್ಲಿ ಲೀಕ್ ಕಡಿಮೆ ಇತ್ತು. ಮೂರನೇ ದಿನ ಅಥವಾ ಆಮೇಲೆ ಡ್ರೈನಿನ ಅಮೈಲೇಸ್ ರಕ್ತದಲ್ಲಿ ಸಹಜವಾಗಿ ಇರುವ ಗರಿಷ್ಠ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಸೋರುತ್ತಿದೆ ಅಂತ ಅರ್ಥ. ಇದನ್ನು ಕೇಳಿ ಗಾಬರಿಯಾಗಬೇಡಿ. ರೋಗಿ ಚೆನ್ನಾಗಿದ್ದು ಬರೀ ಸಂಖ್ಯೆ ಜಾಸ್ತಿ ಇದ್ದರೆ ಅದನ್ನು 2016ರಿಂದ ಫಿಸ್ಟುಲಾ (ಲೀಕ್‌ಗೆ ನಮ್ಮ ವೈದ್ಯಕೀಯ ಹೆಸರು) ಅಂತ ಕರೆಯುವುದನ್ನೇ ಬಿಟ್ಟಿದ್ದಾರೆ. ಚಿಕಿತ್ಸೆ ಬದಲಿಸಬೇಕಾಗಿ ಬಂದರೆ ಬಿ ದರ್ಜೆಯ ಫಿಸ್ಟುಲಾ, ಅಂಗ ಕೈಕೊಟ್ಟರೆ ಅಥವಾ ಮತ್ತೆ ಹೊಟ್ಟೆ ತೆರೆಯಬೇಕಾದರೆ ಸಿ ದರ್ಜೆ.

ನೈಟ್‌ಡ್ಯೂಟಿ ಹೇಳಿದ್ದಕ್ಕೆ ಪುರಾವೆಯೂ ಇದೆ. ನೆದರ್ಲೆಂಡ್ಸ್‌ನಲ್ಲಿ ಆಗ ಈ ಆಪರೇಷನ್ ಮಾಡುತ್ತಿದ್ದ 17 ಆಸ್ಪತ್ರೆಗಳೂ ಸೇರಿ ಒಂದು ಪದ್ಧತಿ ಹಾಕಿಕೊಂಡವು. ಪ್ರತಿದಿನ ರೋಗಿಯ ನಾಡಿ, ಜ್ವರ, ರಕ್ತಪರೀಕ್ಷೆ, ಡ್ರೈನ್ ನೋಡಿ, ಯಾವಾಗ ಸಿಟಿ ಸ್ಕ್ಯಾನ್, ಯಾವಾಗ ಆ್ಯಂಟಿಬಯೋಟಿಕ್, ಯಾವಾಗ ಡ್ರೈನ್ ತೆಗೆಯುವುದು ಅಂತ ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ನಡೆದರು. 2022ರಲ್ಲಿ ಫಲಿತಾಂಶ ಬಂತು. ದೊಡ್ಡ ರಕ್ತಸ್ರಾವ, ಅಂಗ ವೈಫಲ್ಯ ಅಥವಾ ಸಾವು ಕಂಡವರು ಶೇ 14ರಿಂದ 8ಕ್ಕೆ ಇಳಿದರು. ಸಾವು ಮಾತ್ರ ನೋಡಿದರೆ ಶೇ 5ರಿಂದ 3ಕ್ಕೆ. ಹೊಸ ಔಷಧಿ ಇಲ್ಲ, ಹೊಸ ಹೊಲಿಗೆ ಇಲ್ಲ. ಕಾಯುವ ಬದಲು ನೋಡಿದರು, ಅಷ್ಟೇ.

ದೊಡ್ಡಮಗಳು
ಸರ್, ರಸ ಕಡಿಮೆ ಮಾಡುವ ಇಂಜೆಕ್ಷನ್ ಇದೆಯಂತಲ್ಲ? ಒಬ್ಬರು ಹೇಳಿದರು.

ಹೊಲಿಗೆಕೈ
ಇದೆ. ಆಕ್ಟ್ರಿಯೋಟೈಡ್ ಬಹಳ ವರ್ಷದಿಂದ ಇದೆ, ಫಲಿತಾಂಶ ಒಂದೊಂದು ಕಡೆ ಒಂದೊಂದು ತರಹ. ಪ್ಯಾಸಿರಿಯೋಟೈಡ್ ಅಂತ ಇನ್ನೊಂದು. 2014ರಲ್ಲಿ 300 ಜನರ ಮೇಲೆ ಒಂದೇ ಕೇಂದ್ರದಲ್ಲಿ ಪರೀಕ್ಷೆ ಮಾಡಿದಾಗ ಗಂಭೀರ ತೊಂದರೆ ಶೇ 21ರಿಂದ 9ಕ್ಕೆ ಇಳಿಯಿತು. ನಾವೆಲ್ಲ ಖುಷಿಪಟ್ಟೆವು. ಆಮೇಲೆ ಬೇರೆಯವರಿಗೆ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ. ನಿಮ್ಮ ಸರ್ಜನ್ ಕೊಟ್ಟರೆ ಸರಿ, ಕೊಡದಿದ್ದರೂ ಸರಿ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಅದರ ಬದಲು ಸರ್ಜನ್ ಹತ್ತಿರ ಎರಡು ಪ್ರಶ್ನೆ ಕೇಳಿ. ಒಂದು, ಇಲ್ಲಿ ವರ್ಷಕ್ಕೆ ಎಷ್ಟು ವಿಪಲ್ ಆಗುತ್ತದೆ? ನೆದರ್ಲೆಂಡ್ಸ್‌ನಲ್ಲಿ ವರ್ಷಕ್ಕೆ 20ಕ್ಕಿಂತ ಕಡಿಮೆ ಮಾಡುವ ಆಸ್ಪತ್ರೆ ಇದನ್ನು ಮಾಡುವಂತಿಲ್ಲ ಅಂತ ನಿಯಮ ಮಾಡಿದ್ದರು. ಜಾಸ್ತಿ ಮಾಡುವ ಕಡೆ ಸಾವು ಕಡಿಮೆ ಅನ್ನುವುದು ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸತ್ಯ. ಎರಡು, ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ಆದರೆ ತೊಡೆಯ ರಕ್ತನಾಳದ ಮೂಲಕ ಹೋಗಿ ಅದನ್ನು ಮುಚ್ಚುವ ರೇಡಿಯಾಲಜಿಸ್ಟ್ ಸಿಗುತ್ತಾರಾ? ನನ್ನ ಪ್ರಕಾರ ಎರಡನೆಯ ಪ್ರಶ್ನೆಯೇ ದೊಡ್ಡದು. ಅದನ್ನು ಯಾರೂ ಕೇಳುವುದಿಲ್ಲ.

ತಮ್ಮನಣ್ಣ
ಆ ಎರಡನೇ ಪ್ರಶ್ನೆ ಓದಿ ಇಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಓದಿಕೊಂಡು ಹೋಗುವವನು ನಾನು.

ನನ್ನ ತಮ್ಮನಿಗೆ ವಿಪಲ್ ಆಗಿತ್ತು. ಸಣ್ಣ ಲೀಕ್ ಇತ್ತು, ನಿಂತಿತು ಅಂತ ಹನ್ನೆರಡನೇ ದಿನ ಮನೆಗೆ ಕಳಿಸಿದರು. ಹದಿನಾರನೇ ದಿನ ಬೆಳಿಗ್ಗೆ ಒಂದು ಸಲ ಮಲ ಕಪ್ಪಗೆ ಹೋಯಿತು ಅಂದ. ಆಮೇಲೆ ಡ್ರೈನ್ ತೆಗೆದ ಜಾಗದಿಂದ ಒಂದು ಚಮಚದಷ್ಟು ರಕ್ತ. ತಾನಾಗಿಯೇ ನಿಂತಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವರು "ನಿಂತಿದೆಯಲ್ಲ, ನಾಳೆ ಒಪಿಡಿಗೆ ಬನ್ನಿ" ಅಂದರು. ನಾನೂ ಹಾಗೇ ಅಂದುಕೊಂಡೆ. ತಮ್ಮನ ಹೆಂಡತಿ ಒಪ್ಪಲಿಲ್ಲ. ಜಗಳ ಮಾಡಿ ಗಾಡಿ ಹತ್ತಿಸಿದಳು. ತುರ್ತು ವಿಭಾಗದ ಬಾಗಿಲಲ್ಲಿ ಇನ್ನೊಂದು ಸಲ ರಕ್ತ ಬಂತು, ಈ ಸಲ ಚಮಚ ಅಲ್ಲ.

ಸಿಟಿ ಆ್ಯಂಜಿಯೋ ಮಾಡಿದರು. ಆಪರೇಷನ್‌ನಲ್ಲಿ ಕಟ್ಟಿದ್ದ ಒಂದು ರಕ್ತನಾಳದ ತುದಿ ಬಲೂನಿನ ಹಾಗೆ ಉಬ್ಬಿ ಒಡೆದಿತ್ತು. ಆ ರಾತ್ರಿಯೇ ಒಳಗಿನಿಂದ ಮುಚ್ಚಿದರು. ತಮ್ಮ ಬದುಕಿದ್ದಾನೆ. ಅವಳು ಜಗಳ ಮಾಡದಿದ್ದರೆ ಅಂತ ನಾನು ಯೋಚನೆ ಮಾಡಲು ಹೋಗುವುದಿಲ್ಲ.

ಹೊಲಿಗೆಕೈ
ತಮ್ಮನಣ್ಣ, ಬರೆದಿದ್ದಕ್ಕೆ ಥ್ಯಾಂಕ್ಸ್. ಆ ಒಂದು ಚಮಚವನ್ನು ನಾವು ಮುನ್ಸೂಚನೆಯ ರಕ್ತ ಅನ್ನುತ್ತೇವೆ. ಮೊದಲ 24 ಗಂಟೆಯಲ್ಲಿ ಆಗುವ ರಕ್ತಸ್ರಾವ ಹೆಚ್ಚಾಗಿ ಹೊಲಿಗೆಯ ಸಮಸ್ಯೆ. ಆಮೇಲೆ, ಅದರಲ್ಲೂ ವಾರ ಕಳೆದ ಮೇಲೆ ಆಗುವುದು ಹೆಚ್ಚಾಗಿ ಸೋರಿದ ರಸ ರಕ್ತನಾಳವನ್ನು ಕೊರೆದದ್ದು. ದೊಡ್ಡದು ಬರುವ ಮುಂಚೆ ಎಷ್ಟೋ ಸಲ ಸಣ್ಣದೊಂದು ಬಂದು ತಾನಾಗಿಯೇ ನಿಲ್ಲುತ್ತದೆ. ನಡುವೆ ಕೆಲವು ಗಂಟೆ ಸಿಗಬಹುದು, ಕೆಲವು ದಿನವೂ ಸಿಗಬಹುದು. ಡ್ರೈನಿನಲ್ಲಿ, ವಾಂತಿಯಲ್ಲಿ, ಮಲದಲ್ಲಿ, ಎಲ್ಲೇ ಬರಲಿ. ನಾಳೆ ಅಲ್ಲ, ಆಗಲೇ.

ಗುಲ್ಮವಿಲ್ಲದವಳು
ನನ್ನದು ವಿಪಲ್ ಅಲ್ಲ, ಪ್ಯಾಂಕ್ರಿಯಾಸಿನ ಬಾಲದ ಕಡೆಯ ಆಪರೇಷನ್. ಜೊತೆಗೆ ಗುಲ್ಮವನ್ನೂ (ಸ್ಪ್ಲೀನ್) ತೆಗೆದರು. ನನ್ನ ತರಹದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಗುಲ್ಮ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ ಲಸಿಕೆಗಳನ್ನು ಆಪರೇಷನ್‌ಗೆ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ. ಆಗದಿದ್ದರೆ ಆಪರೇಷನ್ ಆದ ಎರಡು ವಾರದ ನಂತರ. ಫ್ಲೂ ಲಸಿಕೆ ವರ್ಷ ವರ್ಷ. ಗುಲ್ಮ ಇಲ್ಲದವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ಅವತ್ತೇ ತೋರಿಸಬೇಕು. ನನಗೆ ಲಸಿಕೆ ಹಾಕಬೇಕು ಅಂತ ನೆನಪಾಗಿದ್ದು ಡಿಸ್ಚಾರ್ಜ್ ಆಗಿ ಎರಡು ತಿಂಗಳ ಮೇಲೆ, ಅದೂ ನಾನೇ ಕೇಳಿದ ಮೇಲೆ.

ದೊಡ್ಡಮಗಳು
ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ನೋಟ್‌ಬುಕ್ ತಂದಿದ್ದೇನೆ. ಅಪ್ಪ ಉಸಿರಾಟದ ಚೆಂಡು ಎರಡು ಎತ್ತುತ್ತಾರೆ, ಮೂರನೆಯದು ಬರುವುದಿಲ್ಲ. ಸಿಗರೇಟು ನಿಂತಿದೆ, ಅಂಗಿ ಸಾಕ್ಷಿ. ಸರ್ಜನ್ ಹತ್ತಿರ ಎರಡೂ ಪ್ರಶ್ನೆ ಕೇಳಿದೆ. ಎರಡನೆಯದನ್ನು ಕೇಳಿದಾಗ ಒಂದು ಕ್ಷಣ ನನ್ನನ್ನೇ ನೋಡಿ, "ಇದ್ದಾರೆ, 24 ಗಂಟೆಯೂ" ಅಂದರು. ನಂತರ ಬರೆಯುತ್ತೇನೆ.

ದೊಡ್ಡಮಗಳು (ಆರು ವಾರದ ನಂತರ)
ಹೇಗಾಯಿತು ಅಂತ ಕೆಲವರು ಕೇಳಿದ್ದರು. ಈಗ ಬರೆಯಲು ಕೂತೆ.

ಆಪರೇಷನ್ ಏಳು ಗಂಟೆ ಹಿಡಿಯಿತು. ಮೂರನೇ ದಿನ ಡ್ರೈನಿನ ಅಮೈಲೇಸ್ ಜಾಸ್ತಿ ಅಂದರು. ಅಪ್ಪ ಆರಾಮಾಗಿದ್ದರು, ಕಾರಿಡಾರಿನಲ್ಲಿ ನಡೆಯುತ್ತಿದ್ದರು. ಇಲ್ಲಿ ಓದಿದ್ದರಿಂದ ಹೆದರಲಿಲ್ಲ. ಹೆದರಲಿಲ್ಲ ಅಂದರೆ ಸುಳ್ಳು, ಕಡಿಮೆ ಹೆದರಿದೆ.

ಆರನೇ ದಿನ ಬೆಳಿಗ್ಗೆ ಅಪ್ಪ ಪೇಪರ್ ಮುಟ್ಟಲಿಲ್ಲ. ಐಸಿಯುವಿನಿಂದ ಬಂದ ದಿನವೂ ಪೇಪರ್ ಕೇಳಿದವರು ಅವರು. ನೋಟ್‌ಬುಕ್ ನೋಡಿದೆ. ನಾಡಿ 82, 84, 86, ಹಿಂದಿನ ರಾತ್ರಿ 96. ಅವತ್ತು ಬೆಳಿಗ್ಗೆ 108. ಜ್ವರ ಇರಲಿಲ್ಲ. ಡ್ಯೂಟಿ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ನೋವಿಗೆ ಇರಬಹುದು ಅಂದರು, ಆಮೇಲೆ ಪುಟ ತಿರುಗಿಸಿ ಇನ್ನೊಂದು ಸಲ ನೋಡಿದರು. ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ಅಂಶ) ಏರಿತ್ತು. ಮಧ್ಯಾಹ್ನ ಸಿಟಿ ಸ್ಕ್ಯಾನ್. ಹೊಲಿಗೆಯ ಹಿಂದೆ ರಸ ಸೇರಿಕೊಂಡಿತ್ತು, ಇದ್ದ ಡ್ರೈನ್ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಸಂಜೆ ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೂಲಕ ಇನ್ನೊಂದು ಟ್ಯೂಬ್ ಹಾಕಿದರು. ಮತ್ತೆ ಹೊಟ್ಟೆ ತೆರೆಯಲಿಲ್ಲ. ಎರಡು ದಿನದಲ್ಲಿ ನಾಡಿ 88.

ಅಂದರೆ ಲೀಕ್ ಆಯಿತು. ನಾನು ಇಲ್ಲಿಗೆ ಬಂದಿದ್ದೇ ಅದು ಆಗದಿರಲಿ ಅಂತ.

ಅದಾದ ಮೇಲೆ ಹೊಟ್ಟೆ ಖಾಲಿ ಆಗದೆ ಒಂಬತ್ತು ದಿನ ಮೂಗಿನ ಟ್ಯೂಬ್. ಅಪ್ಪ ನನ್ನ ಮೇಲೆ ಸಿಟ್ಟಾಗಿದ್ದು ಅದಕ್ಕೇ, ಆಪರೇಷನ್‌ಗಲ್ಲ.

ಅರ್ಧಪ್ಯಾಂಕ್ರಿಯಾಸ್
ಅಕ್ಕಾ, ನನಗೂ ಹನ್ನೆರಡು ದಿನ ಆ ಟ್ಯೂಬ್ ಇತ್ತು. ಜಠರ ಮುನಿಸಿಕೊಂಡು ಕೂರುತ್ತದೆ, ಒಳಗೆ ಲೀಕ್ ಇದ್ದರೆ ಇನ್ನೂ ಜಾಸ್ತಿ. ಕಾಯಬೇಕು, ಬೇರೆ ದಾರಿ ಇಲ್ಲ. ಒಂದು ದಿನ ಯಾರಿಗೂ ಹೇಳದೆ ತಾನೇ ಶುರು ಮಾಡುತ್ತದೆ.

ಮನೆಗೆ ಬಂದ ಮೇಲಿನದ್ದು ಹೇಳುತ್ತೇನೆ. ಇಲ್ಲಿ ನಾನು ಎಡವಿದ್ದೆ. ಎನ್ಜೈಮ್ ಕ್ಯಾಪ್ಸೂಲ್ ಕೊಟ್ಟಿರುತ್ತಾರೆ. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ "ಊಟಕ್ಕೆ ಮೊದಲು" ಅಂತ ಬರೆದಿದ್ದರು. ನಾನು ಶಿಸ್ತಾಗಿ ಅರ್ಧ ಗಂಟೆ ಮೊದಲು ನುಂಗುತ್ತಿದ್ದೆ. ಊಟ ಬರುವಷ್ಟರಲ್ಲಿ ಕ್ಯಾಪ್ಸೂಲ್ ಮುಂದೆ ಹೋಗಿರುತ್ತಿತ್ತು. ಮಲ ಎಣ್ಣೆ ಎಣ್ಣೆ, ತೇಲುತ್ತದೆ, ವಾಸನೆ ಹೇಳುವ ಹಾಗಿಲ್ಲ. ಒಂಬತ್ತು ಕಿಲೋ ಇಳಿದೆ. ಕ್ಯಾನ್ಸರ್ ಮತ್ತೆ ಬಂತು ಅಂತ ಮನೆಯವರೆಲ್ಲ ಅತ್ತರು. ಆಹಾರ ತಜ್ಞೆ ಒಂದೇ ಪ್ರಶ್ನೆ ಕೇಳಿದರು, "ಯಾವಾಗ ನುಂಗುತ್ತೀರಿ?"

ಮೊದಲ ತುತ್ತಿನ ಜೊತೆ ಒಂದು, ಉಳಿದದ್ದು ಊಟದ ನಡುವೆ. ದೊಡ್ಡ ಊಟಕ್ಕೆ 40,000ದಿಂದ 50,000 ಯೂನಿಟ್, ಸಣ್ಣ ತಿಂಡಿಗೆ ಅದರ ಅರ್ಧ, ಇದು ಸಾಮಾನ್ಯವಾಗಿ ಶುರು ಮಾಡುವ ಪ್ರಮಾಣ, ಆಮೇಲೆ ಡಾಕ್ಟರ್ ಏರಿಸುತ್ತಾರೆ. ಬಿಸಿ ಪಾನೀಯದ ಜೊತೆ ಬೇಡ, ಕ್ಯಾಪ್ಸೂಲ್ ಕಾವಿಗೆ ಕೆಡುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಡಬ್ಬಿ ಬಿಡಬೇಡಿ. ಹಂದಿಯ ಪ್ಯಾಂಕ್ರಿಯಾಸಿನಿಂದ ಮಾಡುವುದು, ಯಾರಿಗಾದರೂ ಆಕ್ಷೇಪ ಇದ್ದರೆ ಡಾಕ್ಟರ್ ಜೊತೆ ಮೊದಲೇ ಮಾತಾಡಲಿ, ಗುಟ್ಟಾಗಿ ಬಿಡಬೇಡಿ. ಎಣ್ಣೆ ಕೊಬ್ಬು ಪೂರ್ತಿ ಬಿಡಿ ಅಂತ ನೆಂಟರು ಹೇಳುತ್ತಾರೆ. ಬಿಟ್ಟರೆ ತೂಕ ಬರುವುದಿಲ್ಲ. ಕೊಬ್ಬು ಕಡಿಮೆ ಮಾಡುವುದಲ್ಲ, ಕ್ಯಾಪ್ಸೂಲ್ ಸರಿ ಮಾಡುವುದು.

ಸಕ್ಕರೆಯೂ ನೋಡಿಸುತ್ತಿರಿ. ನನಗೆ ಎರಡನೇ ವರ್ಷದಲ್ಲಿ ಬಂತು. ಇನ್ಸುಲಿನ್ ಮಾಡುವ ಜೀವಕೋಶ ಮಾತ್ರವಲ್ಲ, ಸಕ್ಕರೆ ಇಳಿದಾಗ ಏರಿಸುವ ಗ್ಲೂಕಗಾನ್ ಮಾಡುವವೂ ಹೋಗಿರುತ್ತವೆ. ಅದಕ್ಕೇ ನಮ್ಮಂಥವರಿಗೆ ಸಕ್ಕರೆ ಧಡಕ್ಕನೆ ಇಳಿಯುತ್ತದೆ.

ನೈಟ್‌ಡ್ಯೂಟಿ
ಹೊಟ್ಟೆಗೆ ಹಾಕುವ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಬರೆದುಕೊಟ್ಟಿದ್ದಾರಾ? ಕ್ಯಾನ್ಸರ್ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ನಾಲ್ಕು ವಾರ. ಮನೆಗೆ ಬಂದ ಮೇಲೆ ಜನ ಮರೆಯುವುದು ಅದನ್ನೇ. ಒಂದು ಕಾಲು ಮಾತ್ರ ಊದಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಓಡಿ. ತಿಂಗಳುಗಳ ನಂತರ ಚಳಿಜ್ವರ ಬಂದರೂ ಸುಮ್ಮನಿರಬೇಡಿ, ಪಿತ್ತನಾಳದ ಜೋಡಣೆಯಲ್ಲಿ ಸೋಂಕಿರಬಹುದು.

ಆಮೇಲೆ, 108 ಬರೆದಿಟ್ಟಿದ್ದಿರಲ್ಲ, ಆ ಪುಟ ಹರಿಯಬೇಡಿ.

ದೊಡ್ಡಮಗಳು
ಇಂಜೆಕ್ಷನ್ ನಾನೇ ಹಾಕುತ್ತಿದ್ದೆ, ಮೊನ್ನೆಗೆ ಮುಗಿಯಿತು. ಕ್ಯಾಪ್ಸೂಲ್ ನಾವೂ ಮೊದಲೇ ನುಂಗಿಸುತ್ತಿದ್ದೆವು! ಇವತ್ತಿಂದ ಬದಲು.

ಹೊಸ ಟ್ಯೂಬ್ ಇನ್ನೂ ಇದೆ, ಅದರ ಜೊತೆಯೇ ಮನೆಗೆ ಬಂದಿದ್ದು. ಕಳೆದ ವಾರ ದಿನಕ್ಕೆ 30 ಎಂಎಲ್ ಬರುತ್ತಿತ್ತು. ನೋಟ್‌ಬುಕ್ ಈಗ ನನ್ನ ಹತ್ತಿರ ಇಲ್ಲ, ಅಪ್ಪನೇ ಇಟ್ಟುಕೊಂಡಿದ್ದಾರೆ. ನನ್ನ ಅಕ್ಷರ ಸರಿ ಇಲ್ಲವಂತೆ. ಮೊನ್ನೆ 14, ನಿನ್ನೆ 10, ಇವತ್ತು 6 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ.